ತುತ್ತು ಇಳಿಯದವರ ಚರಿತ್ರೆ

ಊಟಕ್ಕೆ ಕುಳಿತಾಗ ನಾವು ರುಚಿಯನ್ನು ಗಮನಿಸುತ್ತೇವೆ, ಅಗಿಯುವುದನ್ನು ಗಮನಿಸುತ್ತೇವೆ. ನುಂಗುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ತುತ್ತು ಗಂಟಲು ದಾಟಿತೆಂದರೆ ಕೆಲಸ ಮುಗಿಯಿತೆಂದೇ ನಮ್ಮ ಭಾವನೆ. ಆದರೆ ದೇಹದ ಕೆಲಸ ಆರಂಭವಾಗುವುದು ಅಲ್ಲಿಂದಲೇ. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ತುತ್ತನ್ನು ಅಲೆಯಂತೆ ಹಿಂಡುತ್ತಾ ಕೆಳಕ್ಕೆ ಸಾಗಿಸುತ್ತದೆ. ಅದರ ಕೆಳತುದಿಯಲ್ಲಿ, ಜಠರದ ಬಾಯಿಯ ಬಳಿ, ಸ್ನಾಯುವಿನ ಒಂದು ಉಂಗುರವಿದೆ. ಬಾಗಿಲಿನಂತೆ ಅದು ಮುಚ್ಚಿಕೊಂಡಿರುತ್ತದೆ, ತುತ್ತು ಬಂದಾಗ ಸಡಿಲಗೊಂಡು ದಾರಿ ಬಿಡುತ್ತದೆ. ಈ ವ್ಯವಸ್ಥೆ ಎಷ್ಟು ಬಲವಾದುದೆಂದರೆ, ಆರೋಗ್ಯವಂತನೊಬ್ಬ ತಲೆಕೆಳಗಾಗಿದ್ದರೂ ನೀರು ನುಂಗಬಲ್ಲ.

ಆ ಬಾಗಿಲು ತೆರೆಯದೇ ಹೋದರೆ? ಆ ಅಲೆಯೂ ನಿಂತುಹೋದರೆ? ವೈದ್ಯರು 'ಅಕಲೇಸಿಯಾ' ಎಂದು ಕರೆಯುವ ರೋಗ ಇದೇ. ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಹೊಸದಾಗಿ ಕಾಣಿಸಿಕೊಳ್ಳುವ ಅಪರೂಪದ ಕಾಯಿಲೆ. ಗಂಡಸರು ಹೆಂಗಸರೆಂಬ ಭೇದ ಅದಕ್ಕಿಲ್ಲ. ಅನ್ನ ಎದೆಯಲ್ಲೇ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ. ರಾತ್ರಿ ಮಲಗಿದರೆ ತಿಂದದ್ದು ಮರಳಿ ಬಾಯಿಗೆ ಬರುತ್ತದೆ. ಹಸಿವು ಇದೆ, ಅನ್ನವೂ ಎದುರಿಗಿದೆ. ನಡುವಿನ ಒಂದು ಗೇಣಿನ ದಾರಿ ಮಾತ್ರ ಇಲ್ಲ. ಈ ರೋಗದ ಚರಿತ್ರೆಯನ್ನು ವೈದ್ಯರ ಸಾಧನೆಗಳ ಪಟ್ಟಿಯಾಗಿ ಓದುವುದು ರೂಢಿ. ಅದನ್ನು ರೋಗಿಯ ತಟ್ಟೆಯ ಕಡೆಯಿಂದಲೂ ಓದಬೇಕೆಂಬುದು ನಮ್ಮ ಅಭಿಪ್ರಾಯ.

ನುಂಗಲಾಗದವರ ಬಗ್ಗೆ ಚಿಂತಿಸಿದ ಹಳೆಯ ವೈದ್ಯರಲ್ಲಿ ಸ್ಪೇನಿನ ಸೆವಿಲ್ಲೆಯ ಇಬ್ನ್ ಝುಹ್ರ್ ಪ್ರಮುಖರು. 1162ರಲ್ಲಿ ತೀರಿಕೊಂಡ ಇವರು 'ಅತ್ತೈಸೀರ್' ಎಂಬ ವೈದ್ಯಗ್ರಂಥದ ಕರ್ತೃ. ದಾರ್ಶನಿಕ ಇಬ್ನ್ ರುಶ್ದ್ ಅವರ ಸ್ನೇಹಿತರು. ಯುರೋಪ್ ಇವರನ್ನು ಅವೆನ್ಝೋರ್ ಎಂದು ಕರೆಯಿತು. ಅನ್ನದ ದಾರಿ ಮುಚ್ಚಿಹೋದ ರೋಗಿಗೆ ಬೆಳ್ಳಿ ಅಥವಾ ತವರದ ಕೊಳವೆಯೊಂದನ್ನು ಗಂಟಲಿನೊಳಗೆ ಇಳಿಸಿ ಹಾಲಿನಂಥ ದ್ರವಾಹಾರವನ್ನು ಕೊಡುವ ಕ್ರಮವನ್ನು ಅವರು ಬರೆದಿಟ್ಟರು. ಅವರು ಕಂಡದ್ದೆಲ್ಲ ಅಕಲೇಸಿಯಾವೇ ಎಂದು ಹೇಳುವುದು ಅತಿಶಯವಾದೀತು. ಅನ್ನನಾಳದಲ್ಲಿ ಬೆಳೆಯುವ ಗಡ್ಡೆಯಿಂದಲೂ ದಾರಿ ಮುಚ್ಚುತ್ತದೆ. ಆದರೆ ಒಂದು ಮಾತು ಸ್ಪಷ್ಟ. ರೋಗವನ್ನು ಗುಣಪಡಿಸಲಾಗದಿದ್ದರೂ ರೋಗಿಯನ್ನು ಉಪವಾಸ ಸಾಯಲು ಬಿಡಬಾರದು ಎಂಬ ವಿವೇಕ ಅಲ್ಲಿತ್ತು.

ಅಕಲೇಸಿಯಾದ ಮೊದಲ ಸ್ಪಷ್ಟ ವರ್ಣನೆ ದೊರೆಯುವುದು ಅಲ್ಲಿಂದ ಐನೂರು ವರ್ಷಗಳ ನಂತರ, ಇಂಗ್ಲೆಂಡಿನಲ್ಲಿ. ಮಿದುಳಿನ ರಕ್ತನಾಳಗಳ ವರ್ತುಲಕ್ಕೆ ತನ್ನ ಹೆಸರು ಬಿಟ್ಟುಹೋದ ಥಾಮಸ್ ವಿಲ್ಲಿಸ್, 1674ರಲ್ಲಿ ಆಕ್ಸ್‌ಫರ್ಡಿನ ಒಬ್ಬ ರೋಗಿಯ ಬಗ್ಗೆ ಬರೆದ. ಉಂಡ ಅನ್ನ ಹೊಟ್ಟೆಗಿಳಿಯದೆ ಆತ ಹಸಿವಿನಿಂದ ಸೊರಗುತ್ತಿದ್ದ. ವಿಲ್ಲಿಸ್ ತಿಮಿಂಗಿಲದ ಬಾಯಿಯಲ್ಲಿ ದೊರೆಯುವ ಬಾಗುವ ಎಲುಬಿನಂಥ ವಸ್ತುವಿನಿಂದ ಒಂದು ಕಡ್ಡಿ ಮಾಡಿಸಿದ. ಅದರ ತುದಿಗೆ ಸ್ಪಂಜಿನ ಸಣ್ಣ ಉಂಡೆ ಕಟ್ಟಿದ. ರೋಗಿ ಅನ್ನನಾಳ ತುಂಬುವಷ್ಟು ಉಣ್ಣಬೇಕು, ಆಮೇಲೆ ಆ ಕಡ್ಡಿಯನ್ನು ತಾನೇ ಗಂಟಲಿಗಿಳಿಸಿ ಅನ್ನವನ್ನು ಕೆಳಕ್ಕೆ ನೂಕಬೇಕು. ಹೀಗೆ ಆತ ಕನಿಷ್ಠ 15 ವರ್ಷ ಬದುಕಿದ.

ಚರಿತ್ರೆ ವಿಲ್ಲಿಸ್‌ನ ಜಾಣ್ಮೆಯನ್ನು ಹೊಗಳಿದೆ, ಅದು ಸರಿಯೇ. ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡೇ ಊಟವೆಂದರೂ 15 ವರ್ಷದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಊಟ. ಆ ಪ್ರತಿಯೊಂದು ಊಟದಲ್ಲೂ ಆ ಮನುಷ್ಯ ಕಡ್ಡಿ ನುಂಗಿದ್ದಾನೆ. ಉಪಾಯ ವೈದ್ಯನದು, ಬದುಕಿದ ಶ್ರಮ ರೋಗಿಯದು. ಆ ಶ್ರಮದ ಚರಿತ್ರೆಯನ್ನು ಬರೆದವರಿಲ್ಲ.

ರೋಗಕ್ಕೆ ಹೆಸರಿಡುವುದರಲ್ಲೂ ಬಹಳ ಕಾಲ ಎಡವಟ್ಟಾಯಿತು. 1880ರ ದಶಕದಲ್ಲಿ ಶಸ್ತ್ರವೈದ್ಯ ಯೋಹಾನ್ ಫಾನ್ ಮಿಕುಲಿಚ್ ಇದನ್ನು 'ಕಾರ್ಡಿಯೋಸ್ಪಾಸಂ' ಎಂದು ಕರೆದರು. ಕಾರ್ಡಿಯಾ ಎಂದರೆ ಇಲ್ಲಿ ಹೃದಯವಲ್ಲ, ಜಠರದ ಮೇಲ್ಬಾಯಿ. ಅದು ಸೆಟೆದುಕೊಳ್ಳುವುದೇ ರೋಗವೆಂಬ ತಿಳುವಳಿಕೆ ಆಗಿನದು. ಲಂಡನ್ನಿನ ಗೈಸ್ ಆಸ್ಪತ್ರೆಯ ಆರ್ಥರ್ ಹರ್ಸ್ಟ್ 1920ರ ದಶಕದಲ್ಲಿ ಅಕಲೇಸಿಯಾ ಎಂಬ ಹೆಸರನ್ನು ರೂಢಿಗೆ ತಂದರು. ಗ್ರೀಕ್ ಮೂಲದ ಆ ಪದಕ್ಕೆ 'ಸಡಿಲಗೊಳ್ಳದಿರುವುದು' ಎಂಬ ಅರ್ಥ. ಸ್ನಾಯು ಸೆಟೆದುಕೊಂಡಿಲ್ಲ, ಸಡಿಲಗೊಳ್ಳಲು ಅದಕ್ಕೆ ಅಪ್ಪಣೆ ಬರುತ್ತಿಲ್ಲ ಎಂಬುದು ಅವರ ವಾದ. ಆದರೂ ಇದೊಂದು ಮನಸ್ಸಿನ ರೋಗ, ದುಃಖವನ್ನು ನುಂಗಲಾರದವರಿಗೆ ಬರುವಂಥದ್ದು ಎಂಬ ಗುಮಾನಿ ಬಹುಕಾಲ ಉಳಿಯಿತು. ಅನ್ನ ಇಳಿಯದವನಿಗೆ ನೀನೇ ಕಾರಣವೆಂದು ಹೇಳಿದಂತಾಯಿತು.

ಆ ಗುಮಾನಿಗೆ ಬಲವಾದ ಉತ್ತರ ಬಂದದ್ದು ಬ್ರೆಜಿಲ್‌ನ ಬಡವರ ಮನೆಗಳಿಂದ. ಅಲ್ಲಿನ ಒಳನಾಡಿನಲ್ಲಿ ತುತ್ತು ಸಿಕ್ಕಿಕೊಳ್ಳುವ ಕಾಯಿಲೆ ಹಳ್ಳಿಗರಿಗೆ ಪರಿಚಿತವಾಗಿತ್ತು. 1909ರಲ್ಲಿ ಕಾರ್ಲೋಸ್ ಚಾಗಸ್, ಮಣ್ಣಿನ ಗೋಡೆಗಳ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ತಿಗಣೆಜಾತಿಯ ಕೀಟವೊಂದು ಹರಡುವ ಪರೋಪಜೀವಿಯನ್ನು ಪತ್ತೆಹಚ್ಚಿದರು. 1950ರ ದಶಕದಲ್ಲಿ ರಿಬೇರೋ ಪ್ರೆಟೋ ನಗರದ ರೋಗಶಾಸ್ತ್ರಜ್ಞ ಫ್ರಿಟ್ಸ್ ಕೋಬರ್ಲೆ ಇಂಥ ರೋಗಿಗಳ ಅನ್ನನಾಳದ ಗೋಡೆಯಲ್ಲಿ ನರಕೋಶಗಳನ್ನು ಎಣಿಸಿದರು. ಅವು ನಾಶವಾಗಿದ್ದವು. ನಮ್ಮ ದೇಶದಲ್ಲಿ ಕಾಣುವ ಅಕಲೇಸಿಯಾಕ್ಕೆ ಆ ಕೀಟ ಕಾರಣವಲ್ಲ. ಇದರ ಮೂಲಕಾರಣ ಇನ್ನೂ ಖಚಿತವಾಗಿಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಿ ತನ್ನ ನರಕೋಶಗಳ ಮೇಲೆ ಎರಗುತ್ತದೆಂಬ ಊಹೆ ಪ್ರಬಲವಾಗಿದೆ. ಆದರೆ ನಷ್ಟವಾಗುವುದು ಇಲ್ಲಿಯೂ ನರಕೋಶಗಳೇ, ಅದರಲ್ಲೂ ಸ್ನಾಯುವನ್ನು ಸಡಿಲಗೊಳಿಸುವಂಥವು. ರೋಗಿಯ ಸ್ವಭಾವಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಚಿಕಿತ್ಸೆಯ ಮಾತು. 1913ರಲ್ಲಿ ಜರ್ಮನಿಯ ಲೈಪ್‌ಸಿಗ್‌ನಲ್ಲಿ ಅರ್ನ್ಸ್ಟ್ ಹೆಲ್ಲರ್ ಆ ಬಿಗಿ ಸ್ನಾಯುವನ್ನು ಹಿಂದೆ ಮುಂದೆ ಎರಡು ಕಡೆ ಸೀಳಿದರು, ಒಳಪದರಕ್ಕೆ ಗಾಯ ತಾಕದಂತೆ. ಮುಂದೆ ಒಂದೇ ಸೀಳು ಸಾಕೆಂದು ಡಚ್ ವೈದ್ಯರು ತೋರಿಸಿದರು. ಗಾಳಿ ತುಂಬಿದ ಬಲೂನಿನಿಂದ ಸ್ನಾಯುವನ್ನು ಹಿಗ್ಗಿಸುವ ವಿಧಾನವೂ ಬಳಕೆಗೆ ಬಂತು. 1991ರಲ್ಲಿ ಸ್ಕಾಟ್‌ಲೆಂಡಿನ ಡಂಡೀಯಲ್ಲಿ ಹೆಲ್ಲರ್ ವಿಧಾನವನ್ನೇ ಲ್ಯಾಪರೋಸ್ಕೋಪಿಯ ಸಣ್ಣ ರಂಧ್ರಗಳ ಮೂಲಕ ಮಾಡಿದರು. 2008ರಲ್ಲಿ ಜಪಾನಿನ ಹರುಹಿರೋ ಇನೋವೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಗೋಡೆಯೊಳಗೆ ಸುರಂಗ ತೋಡಿ, ಒಳಗಿನಿಂದಲೇ ಸ್ನಾಯುವನ್ನು ಸೀಳಿದರು. ಹೊರಗೆ ಒಂದು ಗೀರೂ ಇಲ್ಲ. 'ಪೋಯೆಮ್' ಎಂಬ ಈ ವಿಧಾನ ಹೈದರಾಬಾದ್ ಸೇರಿದಂತೆ ನಮ್ಮ ದೇಶದ ಹಲವು ನಗರಗಳಲ್ಲಿ ಈಗ ಲಭ್ಯವಿದೆ.

2019ರಲ್ಲಿ ಪ್ರಕಟವಾದ, 221 ರೋಗಿಗಳ ಅಧ್ಯಯನವೊಂದು ಪೋಯೆಮ್ ಮತ್ತು ಲ್ಯಾಪರೋಸ್ಕೋಪಿಗಳನ್ನು ಹೋಲಿಸಿತು. ಎರಡು ವರ್ಷದ ನಂತರ ಎರಡರ ಯಶಸ್ಸೂ ಶೇಕಡಾ 80ಕ್ಕಿಂತ ಮೇಲೆ, ಬಹುತೇಕ ಸಮಾನ. ಆದರೆ ಪೋಯೆಮ್ ಆದವರಲ್ಲಿ ಶೇಕಡಾ 44 ಮಂದಿಗೆ ಆಮ್ಲ ಮೇಲೇರಿ ಅನ್ನನಾಳದಲ್ಲಿ ಉರಿಯೂತ ಕಂಡಿತು; ಲ್ಯಾಪರೋಸ್ಕೋಪಿ ಆದವರಲ್ಲಿ ಶೇಕಡಾ 29. ಬಾಗಿಲನ್ನು ಒಡೆದರೆ ಕೆಳಗಿನದು ಮೇಲೆ ಬರುವುದು ಸಹಜ ತಾನೆ?

ಇಲ್ಲೊಂದು ಸತ್ಯವನ್ನು ನಾವು ಮುಚ್ಚಿಡಬಾರದು. ತಿಮಿಂಗಿಲದ ಕಡ್ಡಿಯಿಂದ ಎಂಡೋಸ್ಕೋಪಿನ ಸುರಂಗದವರೆಗೆ ಎಲ್ಲ ಚಿಕಿತ್ಸೆಗಳೂ ಮಾಡಿದ್ದು ಒಂದೇ ಕೆಲಸ: ತೆರೆಯದ ಬಾಗಿಲನ್ನು ಬಲವಂತವಾಗಿ ತೆರೆಸುವುದು. ಸತ್ತ ನರಕೋಶಗಳನ್ನು ಯಾರೂ ಬದುಕಿಸಿಲ್ಲ. ನಿಂತ ಅಲೆಯನ್ನು ಪೂರ್ತಿಯಾಗಿ ಮರಳಿಸುವ ವಿಧಾನ ಬಂದಿಲ್ಲ. ಆದ್ದರಿಂದ ಚಿಕಿತ್ಸೆ ಯಶಸ್ವಿಯಾದ ಮೇಲೂ ತುತ್ತು ಕೆಳಗಿಳಿಯಲು ಭೂಮಿಯ ಸೆಳೆತ ಬೇಕು, ಗುಟುಕು ನೀರು ಬೇಕು, ಸಮಯ ಬೇಕು.

ಈ ಸಮಯವನ್ನು ಕೊಡಬೇಕಾದವರು ಯಾರು? ವೈದ್ಯರಲ್ಲ, ಜೊತೆಯಲ್ಲಿ ಉಣ್ಣುವವರು. ನಮ್ಮದು ಒತ್ತಾಯ ಮಾಡಿ ಬಡಿಸುವ ನಾಡು. ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದೇ ಇಲ್ಲಿ ಗಟ್ಟಿತನದ ಗುರುತು. ಮದುವೆಮನೆಯಲ್ಲಿ ಬಿರಿಯಾನಿಯನ್ನು ತಟ್ಟೆಯಲ್ಲಿ ಬಿಟ್ಟರೆ ಬಡಿಸಿದವರ ಮುಖ ಬಾಡುತ್ತದೆ. ಇಂಥಲ್ಲಿ ನುಂಗಲಾಗದವರು ನೆಪ ಹೇಳಿ ಕೂಟಗಳನ್ನೇ ತಪ್ಪಿಸಿಕೊಳ್ಳುತ್ತಾರೆ. ಸೊರಗಿದ ಹುಡುಗಿಗೆ 'ಡಯಟ್ ಹುಚ್ಚು' ಎಂಬ ಹೆಸರು ಬೀಳುತ್ತದೆ. ರಾತ್ರಿ ಕೆಮ್ಮುವವನ ಮೇಲೆ ಕ್ಷಯದ ಶಂಕೆ. ಎದೆಯುರಿಯೆಂದು ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದವರೂ ಇದ್ದಾರೆ. ಗಟ್ಟಿ ಆಹಾರದ ಜೊತೆಗೆ ನೀರೂ ಎದೆಯಲ್ಲಿ ನಿಲ್ಲುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಾತ್ರೆಯಿಂದ ದಿನ ದೂಡಬಾರದು. ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ, ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಇವುಗಳಿಂದ ರೋಗ ಪತ್ತೆಯಾಗುತ್ತದೆ.

ಹಸಿದವರಿಗೆ ಅನ್ನ ಕೊಡುವುದು ಪುಣ್ಯವೆಂದು ಎಲ್ಲ ಧರ್ಮಗಳೂ ಹೇಳಿವೆ. ಅನ್ನ ಇಳಿಯದೆ ಹಸಿದವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ಬೇಕಾದುದು ಇನ್ನೊಂದು ಸೌಟು ಅನ್ನವಲ್ಲ. ಒಂದು ಲೋಟ ನೀರು ಬಳಿಯಲ್ಲಿಟ್ಟು, ಎಲ್ಲರೂ ಕೈತೊಳೆದು ಎದ್ದ ಮೇಲೂ ಅವರ ಜೊತೆ ಪಂಕ್ತಿಯಲ್ಲಿ ಕುಳಿತಿರುವ ಒಬ್ಬ ಮನುಷ್ಯ.