ಬ್ಲಫ್: ಬಂಡೆಯಂಚಿನಿಂದ ಇಸ್ಪೀಟಿನ ಮೇಜಿಗೆ

ಬ್ಲಫ್: ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಜಲಪಾತಗಳ ನೆರೆಯಲ್ಲಿರುವ ಊರು, ಇಂಗ್ಲಿಷಿನಿಂದ ಕನ್ನಡದ ಆಡುಮಾತಿಗೆ ಬಂದ ಒಂದು ಪದವೂ ಹೌದು. ‘ಬ್ಲಫ್‌ಗೆ ಹೋಗಿದ್ದೆ’ ಎಂದರೆ ಮಳವಳ್ಳಿ ಕಡೆಯವರಿಗೆ ಊರಿನ ಮಾತು. ‘ಬ್ಲಫ್ ಹೊಡೀಬೇಡ’ ಎಂದರೆ ಅದೇ ಜನಕ್ಕೆ ಬೇರೆಯೇ ಮಾತು.

ಇಂಗ್ಲಿಷಿನಲ್ಲಿ ಈ ಪದ ಮೊದಲು ಸಿಗುವುದು 17ನೇ ಶತಮಾನದ ನಾವಿಕರ ಬಾಯಲ್ಲಿ. ಮುಂಭಾಗ ಚೂಪಾಗಿರದೆ ಅಗಲವಾಗಿ, ನೆಟ್ಟಗೆ ನಿಂತ ಹಡಗನ್ನು ಅವರು ಹಾಗೆ ಕರೆಯುತ್ತಿದ್ದರು. ಪದದ ಮೂಲ ಡಚ್ ಭಾಷೆಯಲ್ಲಿರಬೇಕೆಂಬುದು ನಿಘಂಟುಕಾರರ ಊಹೆ. ಅಮೆರಿಕಕ್ಕೆ ವಲಸೆ ಹೋದವರು ನದಿ, ಕಡಲುಗಳ ದಡದಲ್ಲಿ ಗೋಡೆಯಂತೆ ಎದ್ದ ದಿಬ್ಬಗಳಿಗೂ ಅದೇ ಹೆಸರಿಟ್ಟರು. ಅಯೋವಾದ ಕೌನ್ಸಿಲ್ ಬ್ಲಫ್ಸ್, ಆರ್ಕನ್ಸಾದ ಪೈನ್ ಬ್ಲಫ್, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಬ್ಲಫ್ ಪಟ್ಟಣ, ಇವೆಲ್ಲ ಆ ಬಳಕೆಯ ಕುರುಹುಗಳು.

ಅರ್ಥ ನೆಲದಿಂದ ಮನುಷ್ಯನಿಗೂ ಹತ್ತಿತು. ಒರಟಾದರೂ ಒಳಗೊಂದು ಹೊರಗೊಂದು ಇಲ್ಲದ, ಮುಖದ ಮೇಲೆ ಹೊಡೆದಂತೆ ಮಾತಾಡುವವನು ‘ಬ್ಲಫ್’ ಮನುಷ್ಯನಾದ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ‘ಬ್ಲಫ್ ಕಿಂಗ್ ಹಾಲ್’ ಎಂಬ ಅಡ್ಡಹೆಸರು ಬಿದ್ದದ್ದು ಈ ಅರ್ಥದಲ್ಲಿ. ಅಂದರೆ ಒಂದು ಕಾಲಕ್ಕೆ ಈ ಪದ ಮುಚ್ಚುಮರೆಯಿಲ್ಲದವನ ಗುರುತಾಗಿತ್ತು.

ಇಸ್ಪೀಟು ಅದನ್ನು ತಲೆಕೆಳಗು ಮಾಡಿತು.

19ನೇ ಶತಮಾನದ ಮೊದಲರ್ಧದಲ್ಲಿ ಪೋಕರ್ ಆಟ ಮಿಸಿಸಿಪಿ ನದಿಯ ಹಬೆ ದೋಣಿಗಳೇರಿ ಊರೂರಿಗೆ ಹಬ್ಬಿತು. ಆಟಗಾರನ ಕೈಯಲ್ಲಿ ಎಕ್ಕವೂ ಇಲ್ಲ, ರಾಜನೂ ಇಲ್ಲ. ಆದರೂ ಮುಖದ ಒಂದು ಗೆರೆಯೂ ಅಲುಗದಂತೆ ಪಣ ಏರಿಸುತ್ತಾನೆ. ಎದುರಿನವನು ಒಳ್ಳೆಯ ಎಲೆಗಳನ್ನೇ ಹಿಡಿದಿದ್ದರೂ ಅಳುಕಿ ಆಟ ಬಿಡುತ್ತಾನೆ. ಈ ವರಸೆಯ ಹೆಸರೇ ಬ್ಲಫ್. ಜಂಬ ಕೊಚ್ಚುವುದು ಎಂಬ ಅರ್ಥದ ಡಚ್ ಕ್ರಿಯಾಪದದಿಂದ ಇದು ಬಂತೆನ್ನುತ್ತಾರೆ. ದಿಬ್ಬದ ಬ್ಲಫ್‌ಗೂ ಇದಕ್ಕೂ ನಂಟಿರುವುದು ಸದ್ದಿನಲ್ಲಿ ಮಾತ್ರ. ಕೆಲವು ಕಾಲ ಪೋಕರ್ ಆಟಕ್ಕೇ ಈ ಹೆಸರಿತ್ತು. ಅಲ್ಲಿಂದ ಪದ ರಾಜಕೀಯ, ಯುದ್ಧ, ವ್ಯಾಪಾರಗಳಿಗೆ ಹರಡಿತು. ಗಣಿತಜ್ಞ ಜಾನ್ ಫಾನ್ ನಾಯ್ಮನ್ 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಪೋಕರ್‌ನ ಬ್ಲಫ್‌ಗೆ ಲೆಕ್ಕ ಕಟ್ಟಿದರು: ಒಳ್ಳೆಯ ಎಲೆ ಬಂದಾಗಷ್ಟೇ ಪಣ ಏರಿಸುವವನ ಗುಟ್ಟು ಬೇಗ ಬಯಲಾಗುತ್ತದೆ, ಆದ್ದರಿಂದ ಆಗಾಗ ಸುಳ್ಳು ಪಣ ಒಡ್ಡುವುದೂ ಜಾಣ ಆಟದ ಭಾಗವೇ.

ಕನ್ನಡಕ್ಕೆ ಬಂದದ್ದು ಈ ಇಸ್ಪೀಟಿನ ಅರ್ಥ. ರಜೆಯಲ್ಲಿ ಮಕ್ಕಳು ಎಲೆಗಳನ್ನು ಬೋರಲು ಹಾಕಿ ‘ಮೂರು ರಾಜ’ ಎನ್ನುವುದು, ನಂಬದವನು ‘ಬ್ಲಫ್!’ ಎಂದು ಕೂಗಿ ಎಲೆ ತಿರುಗಿಸುವುದು ಮನೆಮನೆಯ ಆಟ. ಓಳು ಬಿಡುವುದು, ರೈಲು ಬಿಡುವುದು, ಬುರುಡೆ ಬಿಡುವುದು ಎಂಬ ಮಾತುಗಳು ಮೊದಲೇ ಇದ್ದರೂ ಹೊಸ ಪದಕ್ಕೆ ಜಾಗ ಸಿಕ್ಕಿತು. ಬುರುಡೆ ಸಿಕ್ಕಿಬಿದ್ದರೆ ಜನ ನಗುತ್ತಾರೆ; ಬ್ಲಫ್ ಸಿಕ್ಕಿಬಿದ್ದರೆ ಕೈಯಲ್ಲಿದ್ದದ್ದೂ ಹೋಗುತ್ತದೆ.

ಮಳವಳ್ಳಿಯ ಬ್ಲಫ್‌ನ ನೆಲಕ್ಕೆ ಹೊಂದುವುದು ಮಾತ್ರ ಹಳೆಯ ಅರ್ಥ. ಕಾವೇರಿ ಇಲ್ಲಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಊರು ದಿಬ್ಬದ ಮೇಲಿದೆ, ವಿದ್ಯುದಾಗಾರ ಕಣಿವೆಯ ತಳದಲ್ಲಿದೆ. ನಾಲೆಯಲ್ಲಿ ಬಂದ ನೀರು ದಪ್ಪ ಕಬ್ಬಿಣದ ಕೊಳವೆಗಳಲ್ಲಿ ಸುಮಾರು 400 ಅಡಿ ಇಳಿದು ಟರ್ಬೈನುಗಳನ್ನು ತಿರುಗಿಸುತ್ತದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸಂಸ್ಥಾನ ಕೈಗೆತ್ತಿಕೊಂಡ ಈ ಯೋಜನೆಯ ಹೊಣೆ ಹೊತ್ತವರು ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್. ಕರೆಂಟನ್ನು ಕೋಲಾರದಷ್ಟು ದೂರ ಸಾಗಿಸಿದ ಅನುಭವ ಆಗ ದೇಶದಲ್ಲಿ ಯಾರಿಗೂ ಇರಲಿಲ್ಲ. ಸಂಸ್ಥಾನ ಒಡ್ಡಿದ್ದು ದೊಡ್ಡ ಪಣವೇ, ಆದರೆ ಎಲೆಗಳನ್ನೆಲ್ಲ ತೆರೆದಿಟ್ಟು ಆಡಿದ ಆಟ. 1902ರ ಜೂನ್ 30ರಂದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಇಲ್ಲಿಂದ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ಶೇಷಾದ್ರಿ ಅಯ್ಯರ್ ಇದನ್ನು ನೋಡಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.