ಮಗುವಿನ ಹಿಂದೆ ಹೋದ ದುಡ್ಡು

ಸರ್ಕಾರ ತಾನೇ ಶಾಲೆ ನಡೆಸಬೇಕೇ, ಇಲ್ಲವೇ ಓದಿನ ಖರ್ಚಿಗೆ ಒಂದು ಚೀಟಿ ಕೊಟ್ಟು, ಬೇಕಾದ ಶಾಲೆಗೆ ಮಗುವನ್ನು ಸೇರಿಸಿ ಎಂದು ತಂದೆತಾಯಿಗೆ ಬಿಡಬೇಕೇ? 1955ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಎರಡನೆಯದರ ಪರ ವಾದಿಸಿದರು. ಆ ಚೀಟಿಗೆ ವೋಚರ್ ಎಂದು ಹೆಸರು. 1981ರಲ್ಲಿ ಚಿಲಿ ಇಡೀ ದೇಶಕ್ಕೆ ಇಂಥ ವ್ಯವಸ್ಥೆ ತಂದಿತು. ಹಾಜರಿದ್ದ ಮಕ್ಕಳ ಲೆಕ್ಕದಲ್ಲಿ ಹಣ ನೇರವಾಗಿ ಶಾಲೆಗೆ ಹೋಗುತ್ತಿತ್ತು. ಮೂರು ದಶಕ ಕಳೆಯುವಷ್ಟರಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ ಅರ್ಧದಷ್ಟು ಮಕ್ಕಳೂ ಉಳಿದಿರಲಿಲ್ಲ.

ಹೆಸರು ಬದಲಿಸಿಕೊಂಡು ಅದು ನಮ್ಮಲ್ಲಿಗೂ ಬಂತು. ನಾವು ಅದನ್ನು ‘ಆರ್‌ಟಿಇ ಸೀಟು’ ಎಂದೆವು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ. 25ರಷ್ಟು ಸೀಟುಗಳನ್ನು ಬಡ, ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು, ಹಣ ಸರ್ಕಾರದ್ದು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು, ಅದೇ ವರ್ಷ ಕರ್ನಾಟಕದಲ್ಲಿ ಪ್ರವೇಶ ಶುರುವಾಯಿತು. ಹಣದೊಂದಿಗೆ ನಿಯಮಗಳೂ ಹೋದವು: ನೆರೆಹೊರೆಯ ಲೆಕ್ಕ, ಲಾಟರಿ, ಆಯ್ಕೆಪಟ್ಟಿ. ಇದೇನೂ ಹೊಸದಲ್ಲ. 1854ರ ವುಡ್ ವರದಿಯ ಕಾಲದಿಂದಲೂ ಅನುದಾನದ ಬೆನ್ನಿಗೆ ಇನ್‌ಸ್ಪೆಕ್ಟರ್ ಬಂದೇ ಬರುತ್ತಾರೆ.

ಮೊತ್ತದ ಲೆಕ್ಕ ಕೇಳಲು ಸರಳ. ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು, ಇಲ್ಲವೇ ಖಾಸಗಿ ಶಾಲೆಯ ಶುಲ್ಕ, ಯಾವುದು ಕಡಿಮೆಯೋ ಅದು. ಆದರೆ ಹಳ್ಳಿ ಶಾಲೆಯಿಂದ ಐದು ಮಕ್ಕಳು ಹೊರಟರೆ ಐದು ಮಕ್ಕಳ ಖರ್ಚು ಉಳಿಯುವುದಿಲ್ಲ. ಕಟ್ಟಡ ಅಷ್ಟೇ, ಮೇಷ್ಟ್ರ ಸಂಬಳವೂ ಅಷ್ಟೇ. ಸಂಖ್ಯೆ ಇನ್ನೂ ಇಳಿದಾಗ ‘ಹೆಚ್ಚುವರಿ ಶಿಕ್ಷಕ’ ಎಂಬ ಹಣೆಪಟ್ಟಿಯೊಂದಿಗೆ ಮೇಷ್ಟ್ರು ಬೇರೆ ಊರಿಗೆ ಹೋಗಬೇಕಾಗುತ್ತದೆ. ಹಾಗೆಂದು ಮಗನನ್ನು ವ್ಯಾನು ಹತ್ತಿಸಿದ ಕೂಲಿಯವರನ್ನು ದೂರಲು ನನಗೆ ಮನಸ್ಸಿಲ್ಲ. ನಾವು ಎಂಜಿನಿಯರುಗಳು ನಮ್ಮ ಮಕ್ಕಳನ್ನು ಎಲ್ಲಿ ಸೇರಿಸಿದ್ದೇವೆ ಎಂಬುದು ಊರಿಗೇ ಗೊತ್ತು.

2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ. ಹೈಕೋರ್ಟ್ ಅದನ್ನು ಒಪ್ಪಿತು. ಮೊದಲೇ ಸೇರಿದ್ದವರು ಎಂಟನೆಯವರೆಗೆ ಮುಂದುವರಿದರು.

ಎಂಟನೆಯವರೆಗೆ ಮಾತ್ರ. ಸರ್ಕಾರ ಹಣ ಕೊಡುವುದು ಅಲ್ಲಿಗೇ ಮುಗಿಯುತ್ತದೆ. 2012ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಒಂಬತ್ತಕ್ಕೆ ಬಂದದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ, ಕೂಲಿಯೇ ಇಲ್ಲದ ದಿನಗಳಲ್ಲಿ. ಪೂರ್ತಿ ಶುಲ್ಕ ಕಟ್ಟಬೇಕು, ಇಲ್ಲವೇ ಟಿ.ಸಿ. ಪಡೆದು ನಮ್ಮಂಥ ಪ್ರೌಢಶಾಲೆಗೆ ಬರಬೇಕು. ಎಂಟು ವರ್ಷ ‘ಫೋಟೋಸಿಂಥೆಸಿಸ್’ ಎಂದು ಕಲಿತ ಹುಡುಗಿಗೆ ಈಗ ‘ದ್ಯುತಿಸಂಶ್ಲೇಷಣೆ’. ಎಸ್‌ಎಸ್‌ಎಲ್‌ಸಿಗೆ ಎರಡೇ ವರ್ಷ. ಕಾಯ್ದೆ ಬರೆದವರು ಈ ಒಂಬತ್ತನೆಯ ತರಗತಿಯ ಬಾಗಿಲನ್ನು ಯೋಚಿಸಿದಂತೆ ಕಾಣುವುದಿಲ್ಲ. ಆ ಬಾಗಿಲಲ್ಲಿ ನಿಂತು ಮಕ್ಕಳನ್ನು ಒಳಗೆ ಕರೆದುಕೊಳ್ಳುವ ಕೆಲಸ ಸರ್ಕಾರಿ ಪ್ರೌಢಶಾಲೆಗಳ ಪಾಲಿಗೆ ಬಂತು.

ಗುರುಗಳಲ್ಲಿ ಒಂದು ಕೋರಿಕೆ. 2020ರಿಂದೀಚೆಗೆ ನಮ್ಮ ಶಾಲೆಯಲ್ಲಿ ನೇರವಾಗಿ ಒಂಬತ್ತಕ್ಕೆ ಸೇರಿದವರಲ್ಲಿ ಆರ್‌ಟಿಇ ಮಕ್ಕಳೆಷ್ಟು, ಅವರಲ್ಲಿ ಹತ್ತನೆಯದನ್ನು ಮುಗಿಸಿದವರೆಷ್ಟು ಎಂಬುದನ್ನು ದಾಖಲಾತಿ ಪುಸ್ತಕ ನೋಡಿ ಬರೆದಿಡಿ. ಪಟ್ಟಿ ಸಿದ್ಧಪಡಿಸಲು ರಜೆ ಹಾಕಿ ಊರಿಗೆ ಬಂದು ಕೂರಲು ನಾನು ತಯಾರಿದ್ದೇನೆ.