ಹಿಂದಿನ ಸೀಟಿನೊಂದಿಗೇ ಬಂದ ವೇಗ

ವೇಗದ ಕಾರಿನ ಹುಚ್ಚಿಗೂ ಸಂಸಾರಕ್ಕೂ ಆಗಿಬರುವುದಿಲ್ಲ ಎಂಬುದು ಯುರೋಪಿನಲ್ಲಿ ಬಹುಕಾಲ ಬರೀ ಮಾತಾಗಿರಲಿಲ್ಲ. ಕಾರಿನ ಮೈಕಟ್ಟೇ ಹಾಗಿತ್ತು. 1962ರಲ್ಲಿ ಬಂದ ಬ್ರಿಟನ್ನಿನ ಎಂಜಿಬಿಗೆ ಇದ್ದದ್ದು ಎರಡೇ ಸೀಟು. 1965ರಲ್ಲಿ ಅದಕ್ಕೆ ಗಟ್ಟಿ ಚಾವಣಿ ಹೊದಿಸಿ ಜಿಟಿ ಮಾಡಿದಾಗ ಹಿಂದೆ ಪುಟ್ಟದೊಂದು ಸೀಟು ಬಂತು, ಆದರೆ ಮಕ್ಕಳು ಕೂಡ ಅಲ್ಲಿ ಕಾಲು ಮಡಚಿಕೊಂಡೇ ಕೂರಬೇಕಿತ್ತು. ಇಂಥ ಕಾರಿದ್ದ ಮನೆಯಲ್ಲಿ ಮಗು ಹುಟ್ಟಿದರೆ ಉಳಿಯುತ್ತಿದ್ದದ್ದು ಎರಡು ದಾರಿ: ಕಾರನ್ನು ಮಾರುವುದು, ಇಲ್ಲವೇ ಸಂಸಾರಕ್ಕೆಂದು ಇನ್ನೊಂದನ್ನು ಕೊಂಡು ವಿಮೆ, ತೆರಿಗೆ, ರಿಪೇರಿ ಎಲ್ಲವನ್ನೂ ಎರಡೆರಡು ಬಾರಿ ಕಟ್ಟುವುದು. ಇದನ್ನು ತಂದೆಯಾದವನ ಜವಾಬ್ದಾರಿಯ ಪ್ರಶ್ನೆಯೆಂದೇ ಜನ ನೋಡುತ್ತಾರೆ. ಆ ಜಗಳದ ದೊಡ್ಡ ಪಾಲು ಮನುಷ್ಯನ ಸ್ವಭಾವದ್ದಲ್ಲ, ಕಾರಿನ ವಿನ್ಯಾಸದ್ದು ಎಂಬುದು ನನ್ನ ವಾದ. ವಿನ್ಯಾಸ ಬದಲಾದಾಗ ಅಷ್ಟು ಪಾಲು ಕರಗಿತು. ಕರಗದೆ ಉಳಿದದ್ದು ಯಾವುದೆಂಬುದೂ ಆಗಲೇ ಕಾಣಿಸಿತು.

ಇದಕ್ಕೆ ಒಳ್ಳೆಯ ಸಾಕ್ಷಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1973ರ ತೈಲ ಬಿಕ್ಕಟ್ಟಿನಲ್ಲಿ ಪಶ್ಚಿಮ ಜರ್ಮನಿ ಕೆಲವು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿತ್ತು. ವೇಗದ ಕಾರಿನ ಹೆಸರೆತ್ತುವುದಕ್ಕೂ ಕಷ್ಟವಾಗಿದ್ದ ಅಂಥ ಹೊತ್ತಿನಲ್ಲಿ ಕಂಪನಿಯ ಕೆಲವು ಎಂಜಿನಿಯರುಗಳು ಮೇಲಿನವರಿಗೆ ಹೇಳದೆ, ಸಾಮಾನ್ಯ ಗಾಲ್ಫಿನೊಳಗೇ ಆಟದ ಕಾರೊಂದನ್ನು ರೂಪಿಸತೊಡಗಿದರು. 1975ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಕಂಡ ಆ ಕಾರು ಮರುವರ್ಷ ಮಾರಾಟಕ್ಕೆ ಬಂತು: 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ಗಂಟೆಗೆ ಸುಮಾರು 180 ಕಿ.ಮೀ. ವೇಗ. ಡಿಕ್ಕಿ, ಮಡಚುವ ಹಿಂದಿನ ಸೀಟು ಎಲ್ಲ ಮಾಮೂಲಿ ಗಾಲ್ಫಿನವೇ. ಒಳಾಂಗಣದ ಚೌಕುಳಿ ಬಟ್ಟೆಯೂ ಗಾಲ್ಫ್ ಚೆಂಡಿನಾಕಾರದ ಗೇರ್ ಹಿಡಿಯೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಅವರ ಕಲ್ಪನೆ. ಮೊದಲು ಪಿಂಗಾಣಿಗೆ ಚಿತ್ರ ಬರೆಯುತ್ತಿದ್ದ ಈ ಮಹಿಳೆಯನ್ನು ಜಿಟಿಐ ಚರಿತ್ರೆ ಇನ್ನೂ ಮುಂದಿನ ಸಾಲಿನಲ್ಲಿ ಕೂರಿಸಬೇಕು. ಕಂಪನಿ ಎಣಿಸಿದ್ದು 5,000 ಕಾರು. ಮೊದಲ ತಲೆಮಾರಿನವೇ ನಾಲ್ಕೂವರೆ ಲಕ್ಷ ದಾಟಿ ಮಾರಾಟವಾದವು. ಇಷ್ಟು ಕಾರುಗಳನ್ನು ರೇಸಿಗರು ಮಾತ್ರ ಕೊಂಡಿರಲು ಸಾಧ್ಯವಿಲ್ಲ. ಮನೆಗೊಂದೇ ಕಾರು ಸಾಕಾಗುವಂತೆ ಮಾಡಿದ್ದೇ ಅದರ ಬಲ.

ಮೊದಲ ಜಿಟಿಐನಂಥ ಮೂರು ಬಾಗಿಲಿನ ಕಾರು ಸಂಸಾರದ್ದು ಹೇಗಾದೀತು ಎಂದು ಕೇಳಬಹುದು. ಮಗುವನ್ನು ಹಿಂದೆ ಕೂರಿಸಲು ಪ್ರತಿಸಲ ಮುಂದಿನ ಸೀಟು ಬಗ್ಗಿಸಬೇಕಾದ್ದು ನಿಜ. ಆದರೆ ಎರಡನೆಯ ತಲೆಮಾರಿನ ಜಿಟಿಐ ಐದು ಬಾಗಿಲಿನಲ್ಲೂ ಸಿಕ್ಕಿತು. 1994ರಲ್ಲಿ ಪೋರ್ಶೆ ನೆರವಿನಿಂದ ತಯಾರಾದ 315 ಅಶ್ವಶಕ್ತಿಯ ಆಡಿ ಆರ್‌ಎಸ್2 ಉದ್ದ ಡಿಕ್ಕಿಯ ಎಸ್ಟೇಟ್ ಆಗಿಯೇ ಬಂತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಪಾಯದ್ದು: ವೇಗವನ್ನು ಮಕ್ಕಳ ಕಾರಿನೊಳಗೇ ತಂದಿಟ್ಟಂತಾಗಲಿಲ್ಲವೇ? ಜಿಟಿಐಗೆ ಎಂಜಿನ್ ಜೊತೆ ಗಾಳಿಯಾಡುವ ಡಿಸ್ಕ್ ಬ್ರೇಕ್, ಅಗಲದ ಟೈರು, ಬಿಗಿಯಾದ ಸಸ್ಪೆನ್ಷನ್ ಕೂಡ ಬಂದವು ಎಂಬುದು ಇದಕ್ಕೆ ಅರ್ಧ ಉತ್ತರ ಮಾತ್ರ. ಒಳ್ಳೆಯ ಬ್ರೇಕು ಅವಸರದ ಕಾಲನ್ನು ತಡೆಯುವುದಿಲ್ಲ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಇಂಥ ಕಾರುಗಳ ಕಳವು, ಅಪಘಾತಗಳಿಂದ ವಿಮೆಯ ಕಂತು ಏರಿ, ಮಾರಾಟವೇ ಕುಸಿಯಿತು. ಒಂದೇ ಕಾರಿನಲ್ಲಿ ಉಳಿದ ಹಣ ವಿಮೆಗೆ ಹೋಯಿತು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಸಾರ್ವಜನಿಕ ರಸ್ತೆ ಆಟದ ಅಂಗಳವಲ್ಲ.

ಹಾಗಾದರೆ ಅಂಗಳ ಎಲ್ಲಿ? ಜರ್ಮನಿಯಲ್ಲಿ 1927ರಿಂದಲೇ ನ್ಯೂರ್‌ಬರ್ಗ್‌ರಿಂಗ್ ಎಂಬ ರೇಸ್ ಪಥ ಇದೆ. ಅದರ 20.8 ಕಿ.ಮೀ. ಉತ್ತರ ಸುತ್ತಿನಲ್ಲಿ ದುಡ್ಡು ಕೊಟ್ಟು ಯಾರು ಬೇಕಾದರೂ ತಮ್ಮ ಕಾರು ಓಡಿಸಬಹುದು; ಮಕ್ಕಳನ್ನು ಶಾಲೆಗೆ ಬಿಡುವ ಅದೇ ಕಾರು ಅಲ್ಲಿಗೂ ಹೋಗುತ್ತದೆ. ಸೀಟಿನ ಪ್ರಶ್ನೆ, ಎರಡನೆಯ ಕಾರಿನ ಖರ್ಚಿನ ಪ್ರಶ್ನೆ ಹೀಗೆ ಮುಗಿದರೂ ಹೊತ್ತಿನ ಪ್ರಶ್ನೆಯನ್ನು ಯಾವ ಎಂಜಿನಿಯರೂ ಬಗೆಹರಿಸಲಿಲ್ಲ. ಒಂದು ಸುತ್ತು ಹತ್ತು ನಿಮಿಷದ್ದಿರಬಹುದು. ಹೋಗಿಬರುವುದು, ಸರದಿ ಕಾಯುವುದು ಸೇರಿದರೆ ಒಂದಿಡೀ ದಿನ ಬೇಕು. ಆ ದಿನ ಸಾಮಾನ್ಯವಾಗಿ ಮಕ್ಕಳೂ ಮನೆಯಲ್ಲಿರುವ ಭಾನುವಾರವೇ ಆಗಿರುತ್ತದೆ.